ಖಾಜಾ ಪೀರನ ತೋರುಬೆರಳು

ನನ್ನ ಅಂಗಡಿ ಸುಣ್ಣ ತಿಂದೇ ಖಾಜಾ ಪೀರನ ಬೆರಳು ಹಾಳಾಯ್ತು ಅಂತ ಶಿವಮೊಗ್ಗದ ಸವಳಂಗ ರಸ್ತೆ ತುಂಬ ಸುದ್ದಿ ಹಬ್ಬಿತ್ತು. ಆ ಸುದ್ದಿ ಹಬ್ಬಿಸಿದವರು ಇವತ್ತು ಎದುರಿಗೆ ಸಿಕ್ಕರೂ ಸರಿ, ನನ್ನ ಬಾಯಿಂದ ನಾಲ್ಕು ಮಾತು ಕೇಳಿಸ್ಕೊಂಡೇ ಹೋಗಬೇಕು. ನನ್ನ ಹೆಸರು ಹಾಲಮ್ಮ. ಕಲ್ಯಾಣ ಮಂಟಪದ ಎದುರು ತೆಂಗಿನಕಾಯಿ, ಬಾಳೆಹಣ್ಣು, ಎಲೆ ಅಡಿಕೆ ಇಟ್ಕೊಂಡು ಕೂತಿರೋಳು. ಮನೆ ಗೋಪಾಳದಲ್ಲಿ. ನನ್ನ ಪಕ್ಕದ ಹೂವಿನ ಅಂಗಡಿ ಖಾಜಾನದು. ಅವನಿಗಿಂತ ನಾನು ನಾಲ್ಕೈದು ವರ್ಷ ದೊಡ್ಡೋಳು. ಅವನು ನನ್ನನ್ನ ಅಕ್ಕ ಅಂತಾನೆ, ನಾನು ಅವನನ್ನ ಹೋಗೋ ಬಾರೋ ಅಂತೀನಿ.

ಖಾಜಾ ಭದ್ರಾವತಿ ಓಲ್ಡ್ ಟೌನಿನವನು. ದಿನಾ ಮೊದಲನೇ ಬಸ್ಸಿಗೆ ಶಿವಮೊಗ್ಗಕ್ಕೆ ಬಂದು, ಮಾರ್ಕೆಟ್ಟಲ್ಲಿ ಹೂವು ಆರಿಸ್ಕೊಂಡು, ನಾನು ಅಂಗಡಿ ಬಾಗಿಲು ತೆಗೆಯೋ ಹೊತ್ತಿಗೆ ಎರಡು ಹಾರ ಕಟ್ಟಿ ತೂಗುಹಾಕಿರ್ತಾನೆ. ಮದುವೆ ಹಾರ ಅಂದ್ರೆ ಅವನ ಕೈಯದೇ ಆಗಬೇಕು ಅನ್ನೋರು ಈ ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರ ಕಡೆ ಮದುವೆಗಳಲ್ಲಿ ಮದುಮಗನ ಮುಖದ ಮುಂದೆ ಹೂವಿನ ಪರದೆ ಇಳಿಬಿಡ್ತಾರಲ್ಲ, ಸೆಹ್ರಾ ಅಂತ, ಅದನ್ನ ಕಟ್ಟಿಸೋಕೆ ಸಾಗರ, ಚನ್ನಗಿರಿ ಕಡೆಯಿಂದೆಲ್ಲ ಬರ್ತಾರೆ. ಅದರ ಒಂದೊಂದು ಎಳೆಯೂ ಒಂದೇ ಅಳತೆ, ಒಂದೇ ಭಾರ ಇರಬೇಕು. ಇಲ್ಲದಿದ್ರೆ ಮದುಮಗ ತಲೆ ತಿರುಗಿಸಿದ ಕೂಡ್ಲೇ ಸಿಕ್ಕಾಗಿ ಕೂರುತ್ತೆ. ಆ ಕೆಲಸವೆಲ್ಲ ನಡೆಯೋದು ಬಲಗೈ ತೋರುಬೆರಳ ಮೇಲೆ. ಬಾಳೆ ನಾರನ್ನ ಆ ಬೆರಳಿಗೆ ಸುತ್ತಿ, ಹೂವಿನ ತೊಟ್ಟು ಇಟ್ಟು, ಹೆಬ್ಬೆರಳಲ್ಲಿ ಒತ್ತಿ ಎಳೆದ ಅಂದ್ರೆ ಗಂಟು ಬಿತ್ತು. ನನ್ನ ಹತ್ರ ಹರಟೆ ಹೊಡೀತಾನೇ ಕಟ್ತಿದ್ದ, ಕೈ ಕಡೆ ನೋಡ್ತಾನೂ ಇರಲಿಲ್ಲ.

ಕೆಲಸದಲ್ಲಿ ಹುಲಿ, ಮನುಷ್ಯ ಮಾತ್ರ ಬೆಣ್ಣೆ. ಯಾರು ಏನಂದ್ರೂ ಹೂಂ. ಗಿರಾಕಿ ಅರ್ಧಕ್ಕೆ ಕೇಳಿದ್ರೂ ಹೂಂ, ಮಂಟಪದ ಮ್ಯಾನೇಜರು ಬಾಗಿಲಿಗೆ ಎರಡು ಮಾರು ಹೂವು ಪುಕ್ಕಟೆ ಕೊಡು ಅಂದ್ರೂ ಹೂಂ. "ಏ ಮಾರಾಯ, ಬಾಯಲ್ಲಿ ನಾಲಿಗೆ ಇದೆಯೋ ಇಲ್ವೋ ನಿಂಗೆ?" ಅಂತ ನಾನು ರೇಗಿದ್ರೆ ಅದಕ್ಕೂ ನಗ್ತಾ "ಹೂಂ ಅಕ್ಕ" ಅಂತಿದ್ದ. ಇಂಥವನಿಗೆ ಬಂತು ನೋಡಿ ಆ ನೋವು.

ಮೊದಲು ಬಂದಿದ್ದು ಕಾಲಿನ ಹೆಬ್ಬೆರಳಿಗೆ. ಅದಾಗಿ ಹತ್ತು ವರ್ಷದ ಮೇಲಾಯ್ತು. ಬೆಳಗಿನ ಜಾವ ಎದ್ದು ಕೂತ್ಕೊಂಡು ಅತ್ತನಂತೆ. ಬೆರಳು ಕೆಂಪಗೆ ಊದಿ, ಹೊದ್ದ ಚಾದರ ತಾಗಿದ್ರೂ ಕಿರುಚೋ ಹಾಗಾಗಿತ್ತಂತೆ. ಹೆಂಡತಿ ಅಖ್ತರ್ ಬೀ ಆಟೋದಲ್ಲಿ ಕೂರಿಸ್ಕೊಂಡು ನ್ಯೂ ಟೌನಿನ ದುಶ್ಯಂತ್ ಡಾಕ್ಟ್ರ ಹತ್ರ ಕರ್ಕೊಂಡು ಹೋದಳು. ಅವರೊಂದು ಸೂಜಿ ಹಾಕಿದ್ರು. ಸಂಜೆಗೆ ನೋವು ಮಾಯ. ಆಮೇಲೆ ಕೇಳಬೇಕಾ? ಡಾಕ್ಟ್ರ ಕೈಗುಣ ಅಂದ್ರೆ ಕೈಗುಣ, ಮುಟ್ಟಿದ್ರೆ ಸಾಕು ವಾಸಿ, ಅಂತ ಗಂಡ ಹೆಂಡತಿ ಇಬ್ಬರೂ ಊರಿಗೆಲ್ಲ ಹೇಳಿದ್ದೇ ಹೇಳಿದ್ದು. ಮುಂದಿನ ವರ್ಷ ಇನ್ನೊಂದು ಸಲ ಬಂತು, ಇನ್ನೊಂದು ಸೂಜಿ. ಆಮೇಲೆ ಆರು ತಿಂಗಳಿಗೆ, ಮೂರು ತಿಂಗಳಿಗೆ. ಕೊನೆಗೆ ತಿಂಗಳಿಗೊಂದು. ಹೆಬ್ಬೆರಳು ಬಿಟ್ಟು ಹಿಮ್ಮಡಿ, ಹಿಮ್ಮಡಿ ಬಿಟ್ಟು ಮೊಣಕಾಲು, ಅಲ್ಲಿಂದ ಕೈಬೆರಳು. ಕೈಗುಣ ಇದ್ದಲ್ಲೇ ಇತ್ತು, ನೋವು ಮಾತ್ರ ಮೈಯೆಲ್ಲ ಓಡಾಡ್ತಿತ್ತು.

ದುಶ್ಯಂತ್ ಡಾಕ್ಟ್ರು ಕೆಟ್ಟವರಲ್ಲ, ಆ ಮಾತು ನಾನು ಆಡಲ್ಲ. ರಕ್ತಾನೂ ಒಂದು ಸಲ ನೋಡಿದ್ರು. ನೋವು ಜೋರಾಗಿದ್ದ ದಿನವೇ ನೋಡಿದ್ರು, ಯೂರಿಕ್ ಆಸಿಡ್ ಸರಿಯಾಗೇ ಇದೆ ಅಂತ ಬಂತು, ಅದಲ್ಲ ಬಿಡು ಅಂದುಬಿಟ್ರು. ನೋವು ಹೆಚ್ಚಿರೋವಾಗ ನೋಡಿದ್ರೆ ಅದು ಇಳಿದ ಹಾಗೆ ಕಾಣಬಹುದು, ತಣ್ಣಗಾದ ಮೇಲೆ ಇನ್ನೊಂದು ಸಲ ನೋಡಬೇಕು ಅಂತ ನಮಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದ ಮೇಲೆ. ನಡುವೆ ಇನ್ಯಾರೋ ಒಬ್ಬ ಡಾಕ್ಟ್ರು ಯೂರಿಕ್ ಆಸಿಡ್ಡಿನ ಮಾತ್ರೆನೇ ಬರೆದುಕೊಟ್ಟಿದ್ರು. ನುಂಗಿ ಹತ್ತು ದಿನ ಆಗಿರಲಿಲ್ಲ, ಕಾಲು ಮತ್ತೆ ಊದ್ತು. ಈ ಮಾತ್ರೆ ನಿಂಗೆ ಆಗಿ ಬರಲ್ಲ ಅಂತ ಅವರೇ ನಿಲ್ಲಿಸಿದ್ರು. ಬೀದಿ ಡಾಕ್ಟ್ರುಗಳು ಬೇರೆ! ಟೊಮೆಟೊ ಬಿಡು ಅಂದ ಒಬ್ಬ, ಬದನೆಕಾಯಿ ಬಿಡು ಅಂದ ಇನ್ನೊಬ್ಬ, ಬೇಳೆ ಮುಟ್ಟಬೇಡ ಅಂದಳು ಅತ್ತೆ ಮಗಳು. ಎಲ್ಲರಿಗೂ ಹೂಂ ಅಂದ ನಮ್ಮ ಖಾಜಾ. ಕೊನೆಗೆ ತಟ್ಟೇಲಿ ಉಳಿದಿದ್ದು ಗಂಜಿ, ಉಪ್ಪಿನಕಾಯಿ. ಮನುಷ್ಯ ಸೊರಗಿ ಕಡ್ಡಿಯಾದ, ನೋವು ಮಾತ್ರ ಕೊಬ್ಬಿ ಬೆಳೀತು.

ಆಮೇಲೆ ತೋರುಬೆರಳ ಗೆಣ್ಣಿನ ಮೇಲೆ ಒಂದು ಗಂಟು ಎದ್ದಿತು. ಮೊದಲು ಹುಣಸೆ ಬೀಜದಷ್ಟಿತ್ತು, ನೋಡ್ತಾ ನೋಡ್ತಾ ಅಡಿಕೆಯಷ್ಟಾಯ್ತು. ಒಂದು ದಿನ ನಾರು ಎಳೆಯೋವಾಗ ಅದು ಒಡೀತು. ಒಳಗಿಂದ ಕೀವಲ್ಲ, ರಕ್ತ ಅಲ್ಲ, ಬೆಳ್ಳಗೆ ಹಿಟ್ಟಿನ ಹಾಗೆ ಬಂತು. ಸಾಕ್ಷಾತ್ ಸುಣ್ಣ!

ಅಷ್ಟೇ ಸಾಕಾಯ್ತು. ಇಪ್ಪತ್ತು ವರ್ಷದಿಂದ ಖಾಜಾ ನನ್ನ ಅಂಗಡಿ ಎಲೆ ಅಡಿಕೆನೇ ಹಾಕ್ತಿದ್ದಿದ್ದು, ಸುಣ್ಣ ಸ್ವಲ್ಪ ಮುಂದಾಗೇ ಹಚ್ಕೊಳ್ತಿದ್ದ. ತಿಂದ ಸುಣ್ಣ ಹೊಟ್ಟೇಲಿ ಕರಗದೆ ಬೆರಳಿಗೆ ಇಳಿದಿದೆ ಅಂದ ಪಂಕ್ಚರ್ ಅಂಗಡಿಯವನು. ಹೌದು ಹೌದು ಅಂದ್ರು ಎಲ್ಲರೂ. ಮಾರನೇ ದಿನ ಅಖ್ತರ್ ಬೀ ಭದ್ರಾವತಿಯಿಂದ ಬಂದವಳೇ ನನ್ನ ಅಂಗಡಿ ಮುಂದೆ ನಿಂತು, "ಹಾಲಕ್ಕ, ನಿಮ್ಮ ಸುಣ್ಣ ನನ್ನ ಗಂಡನ ಕೈಯಿಂದ ಹೊರಗೆ ಬರ್ತಾ ಇದೆ ನೋಡಿ. ಇನ್ನು ಮೇಲೆ ಅವರಿಗೆ ಎಲೆ ಕೊಟ್ರೆ ನಾನು ಸುಮ್ಮನಿರಲ್ಲ," ಅಂದಳು. ನಾನು ಬಿಡ್ತೀನಾ? "ಈ ರಸ್ತೇಲಿ ಇನ್ನೂರು ಜನ ನನ್ನ ಸುಣ್ಣ ತಿಂತಾರೆ ಮಾರಾಯ್ತಿ, ಎಲ್ಲರ ಕೈಯಲ್ಲೂ ಗಾರೆ ಕೆಲಸ ನಡೀತಿದೆಯಾ?" ಅಂದೆ. ಜನ ಸೇರಿದ್ರು. ಖಾಜಾ ನಡುವೆ ನಿಂತು ಅವಳಿಗೂ ಹೂಂ, ನನಗೂ ಹೂಂ. ಅವತ್ತಿಂದ ಎಲೆ ಅಡಿಕೆ ಬಿಟ್ಟ. ಗಂಟು ಬಿಡಲಿಲ್ಲ.

ಗಾಯ ಮಾಯಲಿಲ್ಲ, ವಾಸನೆ ಬರೋಕೆ ಶುರುವಾಯ್ತು. ಒಂದು ನರ್ಸಿಂಗ್ ಹೋಮಿಗೆ ಹೋದ. ಎಕ್ಸ್‌ರೇ ತೆಗೆದ್ರು. ಮೂಳೆ ಅಂಚನ್ನ ಇಲಿ ಕಡಿದ ಹಾಗೆ ಕಾಣ್ತಿತ್ತು. ಮೂಳೆ ಕೊಳೆತಿದೆ, ಬಿಟ್ರೆ ಮೇಲಕ್ಕೆ ಹತ್ತುತ್ತೆ, ಸೋಮವಾರ ಬಾ, ಬೆರಳು ತೆಗೆದುಬಿಡೋಣ ಅಂದ್ರು ಅಲ್ಲಿನ ಡಾಕ್ಟ್ರು. ಖಾಜಾ ಅಲ್ಲೂ ಹೂಂ ಅಂದು ಬಂದಿದ್ದ.

ಶನಿವಾರ ಅಂಗಡೀಲಿ ಕೂತು ಸುಗಂಧರಾಜದ ಬುಟ್ಟಿ ಮುಂದೆ ಇಟ್ಕೊಂಡು ಸುಮ್ಮನೆ ನೋಡ್ತಿದ್ದ. "ಅಕ್ಕ, ಈ ಬೆರಳಿಲ್ಲದೆ ಸೆಹ್ರಾ ಹೇಗೆ ಕಟ್ಟಲಿ? ಬೇರೆ ಏನು ಬರುತ್ತೆ ನನಗೆ?" ಅಂದ. ಅವನ ಕಣ್ಣಲ್ಲಿ ನೀರು ನೋಡಿದ್ದು ಅದೇ ಮೊದಲು. ನನಗೆ ಸಿಟ್ಟೂ ಬಂತು. ಇವನ ಬೆರಳು ಹೋದ್ರೆ ಸಾಯೋವರೆಗೂ ನನ್ನ ಸುಣ್ಣದ ಮೇಲೆ ಆ ಮಾತು ಉಳಿಯುತ್ತೆ. ನಮ್ಮ ಸಾಲಿನಲ್ಲೇ, ನಾಲ್ಕು ಕಟ್ಟಡ ಆಚೆ, ಕೀಲು ನೋವಿನ ಡಾಕ್ಟ್ರು ಅಂತ ಲಿಖಿತಾ ಮೇಡಂ ಹೊಸದಾಗಿ ಬೋರ್ಡು ಹಾಕಿದ್ರು. ಗುರುವಾರ ಗುರುವಾರ ಖಾಜಾನ ಹತ್ರ ಹೂವು ಒಯ್ಯೋರು. "ಏಳು ಮೇಲೆ," ಅಂದೆ. ಒಂದು ಕೈಯಲ್ಲಿ ಅವನ ರಟ್ಟೆ ಹಿಡಿದೆ, ಇನ್ನೊಂದು ಕೈಯಲ್ಲಿ ನನ್ನ ಸುಣ್ಣದ ಡಬ್ಬಿ.

"ಮೇಡಂ, ಇವನ ಬೆರಳಲ್ಲಿರೋದು ಈ ಡಬ್ಬೀಲಿರೋದೇ ಹೌದೋ ಅಲ್ವೋ ಹೇಳಿಬಿಡಿ," ಅಂತ ಡಬ್ಬಿನ ಮೇಜಿನ ಮೇಲೆ ಇಟ್ಟೆ. ಚಿಕ್ಕ ವಯಸ್ಸಿನ ಹುಡುಗಿ, ನಗೋದನ್ನ ತಡ್ಕೊಂಡ್ಲು. ಬೆರಳು ನೋಡಿದ ಮೇಲೆ ಮಾತ್ರ ನಗು ಹೋಯ್ತು. ಆ ಬಿಳಿ ಹಿಟ್ಟನ್ನ ಒಂದಿಷ್ಟು ಗಾಜಿನ ಮೇಲೆ ಸವರಿ, ಕೆಳಗಿನ ಲ್ಯಾಬಿಗೆ ನಮ್ಮನ್ನೂ ಕರ್ಕೊಂಡು ಹೋಗಿ, ಯಂತ್ರದಲ್ಲಿ ಕಣ್ಣಿಟ್ಟು ನೋಡಿ ಅಂದ್ರು. ನೋಡಿದೆ. ಬರೀ ಸೂಜಿ! ಹೊಳೆಯೋ ಸಣ್ಣ ಸಣ್ಣ ಸೂಜಿಗಳು, ರಾಶಿ ರಾಶಿ. "ಈಗ ನನ್ನದೂ ನೋಡಿ," ಅಂತ ಹಟ ಹಿಡಿದೆ. ಪಾಪ, ಅದನ್ನೂ ಇಟ್ಟು ತೋರಿಸಿದ್ರು. ಪುಡಿ ಪುಡಿ, ಒಂದೂ ಸೂಜಿ ಇಲ್ಲ. ಅಲ್ಲೇ ಅಖ್ತರ್ ಬೀಗೆ ಫೋನ್ ಹಚ್ಚಿದೆ.

ಮೇಡಂ ಕೂರಿಸಿ ಬಿಡಿಸಿ ಹೇಳಿದ್ರು. ರಕ್ತದಲ್ಲಿ ಯೂರಿಕ್ ಆಸಿಡ್ ಜಾಸ್ತಿಯಾಗಿ ಕೀಲುಗಳಲ್ಲಿ ಹರಳು ಕಟ್ಟಿದೆ, ಇದಕ್ಕೆ ಗೌಟ್ ಅಂತಾರೆ, ಆ ಗಂಟುಗಳೆಲ್ಲ ಅದೇ ಹರಳು. ಸೂಜಿ ಹಾಕಿದ್ರೆ ನೋವು ಹೋಗುತ್ತೆ, ಹರಳು ಹೋಗಲ್ಲ. ಬೆರಳು ಕತ್ತರಿಸೋದು ಬೇಡ, ಗಾಯಕ್ಕೆ ಬೇರೆ ಔಷಧಿ ಕೊಡ್ತೀನಿ, ಹರಳು ಕರಗಿಸೋಕೆ ಅಲೋಪ್ಯೂರಿನಾಲ್ ಅನ್ನೋ ಮಾತ್ರೆ ಅಂದ್ರು. "ಅದು ನನಗೆ ಆಗಿ ಬರಲ್ಲ ಮೇಡಂ," ಅಂದ ಖಾಜಾ, ಹಿಂದಿನ ಕತೆ ಹೇಳಿ.

"ಆಗಿ ಬಂದಿತ್ತು. ಅದಕ್ಕೇ ನೋವು ಬಂದಿದ್ದು," ಅಂದ್ರು ಮೇಡಂ. "ಹರಳು ಕರಗೋಕೆ ಶುರುವಾದಾಗ ಮೊದಲ ಕೆಲವು ತಿಂಗಳು ನೋವು ಕೆರಳುತ್ತೆ. ಅದನ್ನ ತಡೆಯೋಕೆ ಇನ್ನೊಂದು ಚಿಕ್ಕ ಮಾತ್ರೆ ಜೊತೆಗೆ ಕೊಡ್ತೀನಿ, ಆದ್ರೂ ಬರಬಹುದು. ಬಂದ್ರೆ ನೋವಿಗೆ ಮದ್ದು ತಗೊಳ್ಳಿ, ಇದನ್ನ ಬಿಡಬೇಡಿ. ಮೈಮೇಲೆ ಗುಳ್ಳೆ ಎದ್ರೆ, ಜ್ವರ ಬಂದ್ರೆ ಮಾತ್ರ ಅವತ್ತೇ ನಿಲ್ಲಿಸಿ ನನ್ನ ಹತ್ರ ಓಡಿ ಬನ್ನಿ. ಕಡಿಮೆ ಡೋಸಿಂದ ಶುರು ಮಾಡಿ, ರಕ್ತ ನೋಡ್ತಾ ನೋಡ್ತಾ ಏರಿಸ್ತೀನಿ. ಯೂರಿಕ್ ಆಸಿಡ್ ಎಲ್ಲರಿಗೂ ಆರರ ಕೆಳಗೆ ಬಂದ್ರೆ ಸಾಕು, ನಿಮಗೆ ಗಂಟು ಕಟ್ಟಿರೋದ್ರಿಂದ ಐದರ ಕೆಳಗೆ ಬರಬೇಕು. ಬಂದ ಮೇಲೂ ನಿಲ್ಲಿಸೋ ಹಾಗಿಲ್ಲ." ಬೇಳೆ ತಿನ್ನಿ, ಟೊಮೆಟೊ ತಿನ್ನಿ, ಕಲೇಜಿ ಭೇಜಾ ಅಂತ ಕುರಿ ಲಿವರು ಮಿದುಳು, ಮತ್ತೆ ಅಂಗಡೀಲಿ ಸಿಗೋ ಸಿಹಿ ಬಾಟಲಿ ಜ್ಯೂಸು ಬಿಡಿ ಅಂದ್ರು.

ನನಗೆ ತಡೆಯೋಕಾಗಲಿಲ್ಲ. "ಇದು ನಿಮಗೊಬ್ಬರಿಗೇ ಗೊತ್ತಿರೋ ವಿದ್ಯೆನಾ ಮೇಡಂ?"

"ಇಲ್ಲ ಅಮ್ಮ. ಗೌಟಿಗೆ ಹೀಗೇ ಮಾಡಬೇಕು ಅಂತ ದೊಡ್ಡ ಡಾಕ್ಟ್ರುಗಳೆಲ್ಲ ಕೂತು ಬರೆದಿಟ್ಟಿದ್ದಾರೆ. ಎಲ್ಲರೂ ಓದಿರ್ತಾರೆ."

"ಮತ್ತೆ ಇಷ್ಟು ವರ್ಷ ಯಾರೂ ಯಾಕೆ ಮಾಡಲಿಲ್ಲ?"

"ಬೆಳಿಗ್ಗೆ ಅರವತ್ತು ಜನ ಬಾಗಿಲಲ್ಲಿ ನಿಂತಿದ್ರೆ, ಕೂಗ್ತಾ ಇರೋನ ನೋವು ನಿಲ್ಲಿಸೋಕೇ ಹೊತ್ತು ಸಾಲಲ್ಲ," ಅಂದ್ರು. ನನಗೇನೂ ಸಮಾಧಾನ ಆಗಲಿಲ್ಲ.

ಸೋಮವಾರ ಖಾಜಾ ಬೆರಳು ಕೊಡೋಕೆ ಹೋಗಲಿಲ್ಲ. ಮಾತ್ರೆ ಶುರುವಾಯ್ತು. ಗಾಯ ಒಣಗ್ತಾ ಬಂತು. ಒಂದು ತಿಂಗಳಾದ ಮೇಲೆ ಡೋಸ್ ಏರಿಸಿದ್ರು. ಅದಾಗಿ ಒಂದು ವಾರವೂ ಕಳೆದಿಲ್ಲ, ಭಾನುವಾರ ಅಖ್ತರ್ ಬೀ ಫೋನ್ ಮಾಡಿದಳು. ಹಿಂದಿನಿಂದ ಖಾಜಾ ನರಳೋದು ಕೇಳಿಸ್ತಿತ್ತು. "ಹಾಲಕ್ಕ, ನಿಮ್ಮ ಮೇಡಂ ಮಾತ್ರೆ ಇವರನ್ನ ಕೊಲ್ತಾ ಇದೆ. ಆಯಮ್ಮ ಫೋನೂ ಎತ್ತಲ್ಲ. ಬನ್ನಿ ಬೇಗ."

ಹೆಂಗಸರಿಗೆ ಬಸ್ಸು ಫ್ರೀ, ಅಂಗಡಿ ಮುಚ್ಚಿ ಓಡಿದೆ. ಓಲ್ಡ್ ಟೌನಿನ ಮನೇಲಿ ಖಾಜಾ ಗೋಡೆಗೆ ಒರಗಿ ಕೂತಿದ್ದ, ಮೊಣಕಾಲು ಕುಂಬಳಕಾಯಿ ಆಗಿತ್ತು. ಮಾತ್ರೆ ಡಬ್ಬಿ ಎಲ್ಲಿ ಅಂದ್ರೆ ಅಖ್ತರ್ ಬೀ ಸೆರಗಿಗೆ ಗಂಟು ಹಾಕಿಟ್ಕೊಂಡಿದ್ದಳು. ಅವಳನ್ನ ಬೈಯೋಕೆ ಮನಸ್ಸು ಬರಲಿಲ್ಲ. ರಾತ್ರಿಯೆಲ್ಲ ಆ ನರಳಾಟ ಕೇಳಿದವಳು ಅವಳು. ಮೂವರೂ ಆಟೋದಲ್ಲಿ ದುಶ್ಯಂತ್ ಡಾಕ್ಟ್ರ ಹತ್ರ ಹೋದ್ವಿ. ಅವರು ಮೊಣಕಾಲು ಮುಟ್ಟಿ, ಮಾತ್ರೆ ಚೀಟಿ ಓದಿ ತಲೆ ಅಲ್ಲಾಡಿಸಿದ್ರು. "ಇದನ್ನ ಯಾಕೆ ಮತ್ತೆ ಶುರು ಮಾಡಿದೆ? ತಗೊಂಡ ಮೇಲೇ ತಾನೇ ಜಾಸ್ತಿಯಾಗಿದ್ದು? ನಿಂಗೆ ಆಗಿ ಬರಲ್ಲ ಅಂತ ಗೊತ್ತಲ್ವಾ? ಇವತ್ತಿಂದ ನಿಲ್ಲಿಸು. ಸೂಜಿ ಹಾಕ್ತೀನಿ, ಸಂಜೆಗೆ ಸರಿ ಹೋಗ್ತೀಯ."

ಅಖ್ತರ್ ಬೀ ಕೈ ಮುಗಿದಳು. ನಾನು ಬಾಯಿ ತೆಗೆಯೋಣ ಅಂದ್ರೆ ಖಾಜಾ ನನ್ನ ಕೈ ಹಿಡಿದ.

"ಸಾರ್, ಸೂಜಿ ಹಾಕಿ. ಮಾತ್ರೆ ನಿಲ್ಲಿಸಲ್ಲ."

ಡಾಕ್ಟ್ರು ಪೆನ್ನು ಕೆಳಗಿಟ್ರು. "ಏನಂದೆ?"

"ನಿಲ್ಲಿಸಲ್ಲ ಸಾರ್. ನೋವು ಬರುತ್ತೆ ಅಂತ ಹೇಳೇ ಕೊಟ್ಟಿದ್ದಾರೆ. ಬರಲಿ. ನನಗೆ ನನ್ನ ಬೆರಳು ಬೇಕು ಸಾರ್."

ಇಪ್ಪತ್ತು ವರ್ಷದಲ್ಲಿ ಅವನ ಬಾಯಿಂದ ಒಂದು 'ಇಲ್ಲ' ಕೇಳಿರಲಿಲ್ಲ ನಾನು. ನನ್ನ ಎದೆ ಉಬ್ಬಿ ಬಂತು ಅಂದ್ರೆ ನಂಬಿ. ಡಾಕ್ಟ್ರ ಮುಖ ಬಿಗೀತು. "ನಿನ್ನಿಷ್ಟ," ಅಂತ ಸೂಜಿ ಹಾಕಿ ಮುಂದಿನವರನ್ನ ಕರೆದ್ರು. ಮನೆಗೆ ಬಂದ ಮೇಲೆ ಖಾಜಾ ಹೆಂಡತಿ ಮುಂದೆ ಕೈ ಚಾಚಿದ. ಅವಳು ಅವನ ಮುಖವನ್ನೇ ನೋಡಿದಳು, ಅತ್ತಳು, ಆಮೇಲೆ ಸೆರಗಿನ ಗಂಟು ಬಿಚ್ಚಿದಳು. ಸೋಮವಾರ ಲಿಖಿತಾ ಮೇಡಂಗೆ ಹೇಳಿದ್ರೆ, ಫೋನ್ ಎತ್ತದಿದ್ದಕ್ಕೆ ನೊಂದ್ಕೊಂಡ್ರು, ಮಾಡಿದ್ದು ಸರಿ ಅಂದ್ರು.

ಆಮೇಲೆ ಸುಲಭವಾಯ್ತು ಅಂದ್ಕೋಬೇಡಿ. ಇನ್ನೆರಡು ಸಲ ಮಲಗಿಸ್ತು ಅವನನ್ನ. ಒಂದು ಸಲ ಮುಂಗೈ, ಒಂದು ಸಲ ಹಳೇ ಹೆಬ್ಬೆರಳು. ನಂಟರು ಬಂದು ಬುದ್ಧಿ ಹೇಳಿದ್ರು, ನಾಟಿ ಔಷಧಿ ತಂದುಕೊಟ್ರು. ಒಬ್ಬರಿಗೂ ಹೂಂ ಅನ್ನಲಿಲ್ಲ. ಡೋಸ್ ಏರಿತು, ರಕ್ತದ ಅಂಕಿ ಇಳೀತು. ರಿಪೋರ್ಟ್ ಬಂದಾಗೆಲ್ಲ ಅಖ್ತರ್ ಬೀ ನನಗೆ ವಾಟ್ಸಾಪ್ ಮಾಡ್ತಿದ್ದಳು, ಸುಣ್ಣದ ವಿಷಯದಲ್ಲಿ ಮಾತ್ರ ಇವತ್ತಿಗೂ ತಪ್ಪಾಯ್ತು ಅಂದಿಲ್ಲ. ಹಿಂದಿನ ವರ್ಷ ಶ್ರಾವಣಕ್ಕೆ ಅಂಕಿ ಐದರ ಕೆಳಗೆ ಬಂತು. ಗಂಟು ಕರಗಿ ಕರಗಿ ಬಟಾಣಿಯಷ್ಟಾಗಿದೆ. ಬೆರಳು ಉಳೀತು.

ಉಳೀತು, ಆದ್ರೆ ಪೂರ್ತಿ ಉಳೀಲಿಲ್ಲ. ತುದಿ ಗೆಣ್ಣು ಬಗ್ಗಲ್ಲ. ಹರಳು ಅಷ್ಟು ವರ್ಷ ಕೂತು ಮೂಳೆ ತಿಂದಿತ್ತು, ಅದು ವಾಪಸ್ ಬರಲ್ಲ ಅಂದ್ರು ಮೇಡಂ. ನೆನೆಸ್ಕೊಂಡ್ರೆ ಈಗಲೂ ನನ್ನ ಮೈ ಉರಿಯುತ್ತೆ. ಹೊಸ ಮಾತ್ರೆ ಅಲ್ವಂತೆ ಅದು, ನಾನು ಹುಟ್ಟೋ ಹೊತ್ತಿಗೇ ಇತ್ತಂತೆ. ಪ್ರತಿ ಮೆಡಿಕಲ್ ಶಾಪಲ್ಲೂ ಸಿಗುತ್ತೆ. ಮೊದಲ ವರ್ಷವೇ ಯಾರಾದ್ರೂ ಕೂರಿಸಿ ಎರಡು ಮಾತು ಹೇಳಿ ಕೊಟ್ಟಿದ್ರೆ ಆ ಗೆಣ್ಣು ಹೋಗ್ತಿರಲಿಲ್ಲ. ಖಾಜಾ ಮಾತ್ರ ಸಿಟ್ಟು ಮಾಡ್ಕೊಳ್ಳದೆ, ನಾರನ್ನ ನಡುಬೆರಳಿಗೆ ಸುತ್ತಿ ಕಟ್ಟೋದನ್ನ ಕಲೀತಾ ಕೂತ. ಮೊದಮೊದಲು ಎಳೆಗಳು ಸೊಟ್ಟ ಸೊಟ್ಟ ಬಂದ್ವು, ಬಿಚ್ಚಿ ಮತ್ತೆ ಕಟ್ಟಿದ. ಈಗ ಹಿಂದಿಗಿಂತ ನಿಧಾನ, ಕೈ ನೋಡ್ಕೊಂಡೇ ಕಟ್ತಾನೆ, ಆದ್ರೆ ಸೆಹ್ರಾ ಕಟ್ತಾನೆ.

ಮೊನ್ನೆ ಒಂದು ದಿನ, "ಅಕ್ಕ, ದುಶ್ಯಂತ್ ಡಾಕ್ಟ್ರ ಹತ್ರ ಹೋಗ್ತೀನಿ, ಬರ್ತೀಯಾ?" ಅಂದ. "ಜಗಳಕ್ಕಾದ್ರೆ ಬರ್ತೀನಿ," ಅಂದೆ. ಏನೇನು ಕೇಳಬೇಕು ಅಂತ ಬಸ್ಸಲ್ಲೇ ಜೋಡಿಸ್ಕೊಂಡೆ. ಅವನು ಟೋಕನ್ ತಗೊಂಡು ಎಲ್ಲರ ಹಾಗೆ ಕಾದು ಕೂತ. ಒಳಗೆ ಹೋದ ಕೂಡ್ಲೇ ಡಾಕ್ಟ್ರ ಕೈ ಸೂಜಿ ತಟ್ಟೆ ಕಡೆ ಹೋಯ್ತು.

"ಎಲ್ಲಿ ಈ ಸಲ? ಮೊಣಕಾಲಾ?"

"ಎಲ್ಲೂ ಇಲ್ಲ ಸಾರ್. ನೋವಿಲ್ಲ."

"ಮತ್ತೇನು ಬಂದೆ?"

"ನೋವಿಲ್ಲ ಅಂತ ಹೇಳೋಕೆ ಬಂದೆ."

ಡಾಕ್ಟ್ರು ಅವನನ್ನ ನೋಡಿದ್ರು. ರಿಪೋರ್ಟ್ ಇಸ್ಕೊಂಡು ಓದಿದ್ರು. ಬೆರಳು ಹಿಡಿದು, ಗಂಟಿದ್ದ ಜಾಗನ ಸವರಿ, ಬಗ್ಗಿಸೋಕೆ ನೋಡಿದ್ರು, ಬಗ್ಗಲಿಲ್ಲ. ಬೆರಳನ್ನ ಹಾಗೇ ಹಿಡ್ಕೊಂಡು, "ಇಷ್ಟು ವರ್ಷ ಕೂತಿದ್ದೀನಿ ಇಲ್ಲಿ. ನೋವು ಹೋದ ಮೇಲೆ ಒಬ್ಬನೂ ವಾಪಸ್ ಬಂದಿಲ್ಲ ಕಣಯ್ಯ. ಸೂಜಿ ಹಾಕಿ ಕಳಿಸಿದ ಮೇಲೆ ಏನಾಯ್ತು ಅಂತ ನನಗೆ ಗೊತ್ತೇ ಆಗಲ್ಲ," ಅಂದ್ರು. ನಾನು ಜೋಡಿಸ್ಕೊಂಡು ಹೋಗಿದ್ದ ಮಾತಲ್ಲಿ ಒಂದನ್ನ ಮಾತ್ರ ಆಡಿದೆ. "ಬನ್ನಿ ಅಂತ ನೀವೂ ಕರೀಲಿಲ್ಲ ಸಾರ್." ಅವರು ಹೌದು ಅಂತ ತಲೆ ಆಡಿಸಿದ್ರು.

ಖಾಜಾ ಎದ್ದ. "ಹೋಗಬೇಡ, ಕೂತ್ಕೋ," ಅಂದು ಬೆಲ್ ಒತ್ತಿದ್ರು.

ಒಳಗೆ ಬಂದಿದ್ದು ಮೂರ್ತಪ್ಪ ಅಂತ, ಫ್ಯಾಕ್ಟರಿ ಕಡೆಯವನು. ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಚಪ್ಪಲಿ ಕೈಯಲ್ಲಿ. ಹೆಬ್ಬೆರಳು ಕೆಂಪಗೆ ಊದಿತ್ತು. "ಬೇಗ ಹಾಕಿ ಸಾರ್, ನಿಮ್ಮ ಕೈ ಮುಟ್ಟಿದ್ರೇನೇ ಹೋಗೋದು," ಅಂದ. ಡಾಕ್ಟ್ರು ಸೂಜಿ ಹಾಕಿದ್ರು. ಹತ್ತಿ ಒತ್ತಿ ಹಿಡಿದು, "ಎರಡು ವಾರ ಬಿಟ್ಟು ಬಾ ಮೂರ್ತಪ್ಪ. ರಕ್ತ ನೋಡಬೇಕು. ದಿನಾ ತಗೊಳ್ಳೋ ಮಾತ್ರೆ ಒಂದಿದೆ," ಅಂದ್ರು.

"ಅಷ್ಟೊತ್ತಿಗೆ ನೋವೇ ಇರಲ್ವಲ್ಲ ಸಾರ್. ನೋವಿಲ್ಲದಾಗ ಯಾತಕ್ಕೆ ಬರೋದು?"

ಡಾಕ್ಟ್ರು ಖಾಜಾನ ಕಡೆ ನೋಡಿದ್ರು. ಖಾಜಾ ಕುರ್ಚಿ ಎಳ್ಕೊಂಡು ಮೂರ್ತಪ್ಪನ ಎದುರಿಗೆ ಕೂತ. ಬಗ್ಗದ ಆ ಬೆರಳನ್ನ ಅವನ ಕಣ್ಣ ಮುಂದೆ ಹಿಡಿದ.

"ಇದಕ್ಕೆ," ಅಂದ.